ರೇಡಿಯೊ ಬೆನ್ನಿನ ಎರಡು ತೂತು

ಹಳೆಯ ವಾಲ್ವ್ ರೇಡಿಯೊ ಎಲ್ಲಾದರೂ ಕಣ್ಣಿಗೆ ಬಿದ್ದರೆ ಜನ ಮುಂದಿನ ಗಾಜಿನ ಡಯಲ್ ನೋಡಿ ಮರುಳಾಗುತ್ತಾರೆ. ಅಚ್ಚು ಹಾಕಿದ ದೂರದೂರುಗಳ ಹೆಸರು, ಹಸಿರಾಗಿ ಮಿನುಗುವ ಮ್ಯಾಜಿಕ್ ಐ. ನಾನು ಮಾತ್ರ ಪೆಟ್ಟಿಗೆ ತಿರುಗಿಸಿ ಬೆನ್ನು ನೋಡುತ್ತೇನೆ. ಅಲ್ಲಿ ಗಾಳಿಗಂಡಿ ಕೊರೆದ ರಟ್ಟಿನ ಕೆಳಗೆ ಏರಿಯಲ್, ಅರ್ಥ್, ಗ್ರಾಮಫೋನ್ ಪಿಕಪ್ ಸಿಕ್ಕಿಸುವ ಜಾಗಗಳಿರುತ್ತವೆ. ಅವುಗಳ ಪಕ್ಕದಲ್ಲೇ, ಬಹಳಷ್ಟು ಸೆಟ್ಟುಗಳಲ್ಲಿ, ಇನ್ನೆರಡು ತೂತು. ಇನ್ನೊಂದು ಸ್ಪೀಕರ್ ಬೇಕಿದ್ದರೆ ಸೇರಿಸಿಕೊಳ್ಳಿ ಅಂತ ಕಂಪನಿಯವರೇ ಬಿಟ್ಟುಕೊಟ್ಟದ್ದು.

ಈಗ ಹಳೆಯ ಸ್ಪೀಕರ್ ಪೆಟ್ಟಿಗೆಗಳಿಗೆ ಬೆಲೆ ಬಂದಿದೆ. ‘ಇದು ವಿಂಟೇಜ್ ಮಾಲು, ಒಂದು ಸ್ಕ್ರೂ ಕೂಡ ಮುಟ್ಟಬೇಡಿ ಸಾರ್’ ಅನ್ನುವವರು ನನ್ನ ಅಂಗಡಿಗೂ ಬರುತ್ತಾರೆ. ಅವರ ಭಕ್ತಿಗೆ ನನ್ನ ತಕರಾರಿಲ್ಲ. ಆದರೆ ಆ ಪೆಟ್ಟಿಗೆಗಳನ್ನು ಮಾಡಿದವರೇ ಅವನ್ನು ಮುಗಿದ ಕೆಲಸ ಅಂದುಕೊಂಡಿರಲಿಲ್ಲ. ಕೊಂಡವರಂತೂ ಅಂದುಕೊಳ್ಳಲೇ ಇಲ್ಲ. ಮನೆಯಲ್ಲಿ ಸ್ಪೀಕರಿಗೆ ಸ್ಪೀಕರ್ ಸೇರಿಸುವ ಚಾಳಿಗೆ ಹೆಚ್ಚುಕಡಿಮೆ ಸ್ಪೀಕರಿನಷ್ಟೇ ವಯಸ್ಸು. ನಾನು ಕಂಡಂತೆ ಆ ಚಾಳಿ ತಲೆಯೆತ್ತಿದಾಗಲೆಲ್ಲ ಕಾರಣ ಒಂದೇ: ಪೆಟ್ಟಿಗೆ ಇದ್ದ ಹಾಗೇ ಇರುತ್ತದೆ, ಅದಕ್ಕೆ ಉಣಿಸುವ ಹಾಡು ಬದಲಾಗಿರುತ್ತದೆ.

ತಿಪಟೂರಿನಲ್ಲಿ ಅಪ್ಪ ರೇಡಿಯೊ ರಿಪೇರಿ ಅಂಗಡಿ ಇಟ್ಟ ಕಾಲಕ್ಕೆ ಸೇರಿಸುವುದು ಅಂದರೆ ಬರೀ ಎಕ್ಸ್‌ಟೆನ್ಷನ್. ಕೊಬ್ಬರಿ ಮಂಡಿ ಸಾಹುಕಾರರ ಮನೆಗಳಲ್ಲಿ ರೇಡಿಯೊ ನಡುಮನೆಯ ಸ್ಟ್ಯಾಂಡಿನ ಮೇಲೆ, ಕ್ರೋಷಾ ಹೆಣೆದ ಬಟ್ಟೆ ಹೊದ್ದು ಕೂತಿರುತ್ತಿತ್ತು. ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸ್ ಹಣ ಕಟ್ಟಬೇಕಿದ್ದ ದಿನಗಳು. ಎರಡನೇ ಸೆಟ್ ತರುವ ಮಾತು ದೂರ. ಸಂಜೆ ಜಗಲಿಯಲ್ಲಿ ನಾಲ್ಕು ಜನ ಸೇರಿದಾಗ ಪ್ರದೇಶ ಸಮಾಚಾರ ಅಲ್ಲಿಗೂ ಕೇಳಬೇಕಲ್ಲ. ಅಪ್ಪ ಐದು ಓಮಿನ ಒಂದು ಸ್ಪೀಕರನ್ನು ಸಣ್ಣ ಹಲಗೆ ಡಬ್ಬಿಗೆ ಕೂರಿಸಿ, ತೊಲೆಯ ಸಂದಿಯಲ್ಲಿ ಫ್ಲೆಕ್ಸಿಬಲ್ ವೈರ್ ಎಳೆದು, ಬೆನ್ನಿನ ಎರಡು ತೂತಿಗೆ ಸಿಕ್ಕಿಸಿ ಬರುತ್ತಿದ್ದರು. ಹಾಗೆ ಸೇರಿಸಿದ್ದರಿಂದ ಹಾಡು ಸುಧಾರಿಸುತ್ತಿರಲಿಲ್ಲ, ಕೇಳುವವರು ಹೆಚ್ಚುತ್ತಿದ್ದರು, ಅಷ್ಟೇ. ಇಂಗ್ಲೆಂಡಿನಲ್ಲೂ 1930ರ ದಶಕದಲ್ಲಿ ಇದೇ ವ್ಯಾಪಾರ ಭರ್ಜರಿಯಾಗಿತ್ತು. ಅಡುಗೆಮನೆಗೊಂದು, ಮಲಗುವ ಕೋಣೆಗೊಂದು ಅಂತ ಬಿಡಿ ಸ್ಪೀಕರ್ ಮಾರಿಯೇ ಅಲ್ಲಿ ಎಷ್ಟೋ ಕಂಪನಿಗಳು ಕಾಲೂರಿದವು.

ಆಗ ಹಾಡಿನ ಗುಣ ಸುಧಾರಿಸಬೇಕು ಅಂತ ಯಾರಿಗೂ ಅನ್ನಿಸದ್ದಕ್ಕೆ ಕಾರಣವಿದೆ. ಇವತ್ತಿಗೂ ನಾವು ಬಳಸುವ ಕಾಗದದ ಕೋನಿನ ಸ್ಪೀಕರ್, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಬರೆದ ಒಂದು ಪ್ರಬಂಧದ ಕೂಸು. ಮ್ಯಾಗ್ನೆಟ್ಟಿನ ಕಿರುಸಂದಿಯಲ್ಲಿ ತಂತಿಯ ಸುರುಳಿ, ಸುರುಳಿಗೆ ಅಂಟಿದ ಕೋನ್. ಕರೆಂಟು ಕುಣಿಸಿದಂತೆ ಕೋನ್ ಕುಣಿಯುತ್ತದೆ. ತಕರಾರು ಏನೆಂದರೆ ಮೃದಂಗದ ಎಡಗೈ ಗುಂಕಾರಕ್ಕೆ ಕೋನ್ ಅಗಲವಾಗಿದ್ದು ಹಿಂದೆ ಮುಂದೆ ಉದ್ದಕ್ಕೆ ಓಡಾಡಬೇಕು, ತಾಳದ ಝಣತ್ಕಾರಕ್ಕೆ ಅದೇ ಕೋನ್ ಸೆಕೆಂಡಿಗೆ ಹತ್ತು ಸಾವಿರ ಸಲ ನಡುಗಬೇಕು. ಅಗಲವಾದದ್ದು ಭಾರವಾಗುತ್ತದೆ, ಭಾರವಾದದ್ದು ಅಷ್ಟು ಬೇಗ ನಡುಗದು. ಹಾಗಿದ್ದೂ ನಡೆದುಹೋಯಿತು. ಮೀಡಿಯಂ ವೇವ್ ಬಾನುಲಿಯಿಂದ ರೇಡಿಯೊಗೆ ಇಳಿದುಬರುತ್ತಿದ್ದದ್ದೇ ಹೆಚ್ಚೆಂದರೆ ಐದು ಸಾವಿರ ಹರ್ಟ್ಸ್‌ವರೆಗಿನ ಧ್ವನಿ. ಅದರ ಮೇಲೆ ಬರುವುದು ಕರಕರ, ಕೊಯ್ಯೋ ಅನ್ನುವ ಸಿಳ್ಳೆ. ಅದು ಕೇಳದಿರಲೆಂದೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಅಡ್ಡಲಾಗಿ ಒಂದು ಕೆಪಾಸಿಟರ್ ಹಾಕಿ ಟ್ರೆಬಲ್ಲನ್ನು ಕತ್ತರಿಸಿಡುತ್ತಿದ್ದರು. ಬಾನುಲಿಗೂ ಪೆಟ್ಟಿಗೆಗೂ ಜಾತಕ ಕೂಡಿತ್ತು.

ಅದು ಮುರಿದದ್ದು ಕ್ಯಾಸೆಟ್ ಬಂದ ಮೇಲೆ. ಫಿಲಿಪ್ಸ್‌ನವರು ಕ್ಯಾಸೆಟ್ಟನ್ನು 1963ರಲ್ಲೇ ಹೊರತಂದಿದ್ದರೂ ನಮ್ಮ ಕಡೆ ಮನೆಮನೆಗೆ ಬಂದದ್ದು 70ರ ದಶಕದ ಕೊನೆಗೆ. 1978ರಲ್ಲಿ ಬಂದ ‘ನಿತ್ಯೋತ್ಸವ’ ಕ್ಯಾಸೆಟ್, ಮೈಸೂರು ಅನಂತಸ್ವಾಮಿಯವರದು, ನಮ್ಮೂರಿನಲ್ಲಿ ಕೈಯಿಂದ ಕೈಗೆ ಓಡಾಡಿತು. ಹಾಡು ಕೇಳಿದವರಿಗೆ ಸಣ್ಣ ಟೇಪ್ ರೆಕಾರ್ಡರಿನ ಬಡಕಲು ಸದ್ದು ಸಾಲದಾಯಿತು. ಮನೆಯಲ್ಲಿ ಹೇಗೂ ದೊಡ್ಡ ರೇಡಿಯೊ ಇದೆಯಲ್ಲ, ಪಿಕಪ್ ತೂತಿಗೆ ಟೇಪನ್ನು ಸೇರಿಸಿಕೊಡು ಅಂತ ಸಾಲಾಗಿ ಬಂದರು.

ಮಂಡಿಯ ಒಬ್ಬ ಸಾಹುಕಾರರ ಮನೆಯಲ್ಲಿ ಹಾಗೆ ಸೇರಿಸಿ ಕೊಟ್ಟಾಗ ನಡೆದದ್ದು ನನಗೆ ಚೆನ್ನಾಗಿ ನೆನಪಿದೆ. ಅವರು ಭಜನೆ ಮಂಡಳಿಯವರು, ತಾವೇ ತಾಳ ಹಿಡಿಯುವವರು. ತಮ್ಮದೇ ಮಂಡಳಿಯ ಭಜನೆಯನ್ನು ಟೇಪ್ ಮಾಡಿಸಿದ್ದರು. ಒಂದು ಪದ ಮುಗಿಯುವವರೆಗೆ ಕಣ್ಣು ಮುಚ್ಚಿ ಕೇಳಿದರು.

‘ಅಲ್ಲ ಕಣಯ್ಯ, ಹಾರ್ಮೋನಿಯಂ ಐತೆ, ಡೋಲಕ್ ಐತೆ, ನನ್ನ ತಾಳ ಎಲ್ಲಿಗೆ ಹೋಯ್ತು?’

‘ಟೇಪಲ್ಲಿದೆ ಸಾಹುಕಾರ್ರೇ, ಸ್ಪೀಕರಲ್ಲಿ ಇಳೀತಿಲ್ಲ’ ಅಂದೆ.

‘ಇಳಿಸೋಕೆ ಎಷ್ಟಾಗುತ್ತೆ ಹೇಳು ಮತ್ತೆ.’

ಆಮೇಲೆ ಮಾಡಿದ ಕೆಲಸವನ್ನು ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಮುಂದಿನ ಹತ್ತು ವರ್ಷ ನನಗೆ ಅನ್ನ ಹಾಕಿದ್ದು ಇದೇ. ಬೆಂಗಳೂರಿನಿಂದ ತಂದ ಎಂಟು ಓಮಿನ ಚಿಕ್ಕ ಕೋನ್ ಟ್ವೀಟರ್ ಒಂದು, ಅಂದರೆ ಮೇಲಿನ ಸ್ವರಗಳಿಗಷ್ಟೇ ಮಾಡಿದ ಪುಟ್ಟ ಸ್ಪೀಕರ್. ಅದನ್ನು ನೇರವಾಗಿ ಕೊಟ್ಟರೆ ಡೋಲಕ್ಕಿನ ಪೆಟ್ಟೂ ಅದರ ಮೇಲೆಯೇ ಬಿದ್ದು ವಾಯ್ಸ್ ಕಾಯಿಲ್ ಸುಟ್ಟುಹೋಗುತ್ತದೆ. ತಗ್ಗಿನ ಸ್ವರಗಳನ್ನು ತಡೆಯಲು ನಡುವೆ ಒಂದು ಕೆಪಾಸಿಟರ್ ಬೇಕು. ಸ್ಪೀಕರಿನ ಕರೆಂಟು ಎರಡೂ ದಿಕ್ಕಿಗೆ ಹರಿಯುವುದರಿಂದ ಪ್ಲಸ್ಸು ಮೈನಸ್ಸು ಇರುವ ಮಾಮೂಲಿ ಎಲೆಕ್ಟ್ರೊಲಿಟಿಕ್ ಆಗದು. ಪೋಲಾರಿಟಿ ಇಲ್ಲದ್ದು ಆಗ ಸಿಗುತ್ತಿದ್ದದ್ದು ಅಪರೂಪ. ಹತ್ತು ಮೈಕ್ರೊಫ್ಯಾರಡ್ಡಿನ ಎರಡು ಮಾಮೂಲಿ ಕೆಪಾಸಿಟರ್ ತೆಗೆದುಕೊಂಡು, ಎರಡರ ಮೈನಸ್ ಕಾಲುಗಳನ್ನೂ ತಿರುಚಿ ಬೆಸುಗೆ ಹಾಕುವುದು. ಎರಡೂ ಪ್ಲಸ್ ಕಾಲು ಹೊರಗೆ ಉಳಿಯುತ್ತವೆ. ಸೀರೀಸಿನಲ್ಲಿ ಹತ್ತು ಹತ್ತು ಸೇರಿದರೆ ಐದು. ಎಂಟು ಓಮಿನ ಟ್ವೀಟರಿಗೆ ಐದು ಮೈಕ್ರೊಫ್ಯಾರಡ್ ಕೊಟ್ಟರೆ ಸುಮಾರು ನಾಲ್ಕು ಸಾವಿರ ಹರ್ಟ್ಸ್‌ನಿಂದ ಮೇಲಿನದ್ದಷ್ಟೇ ಸಲೀಸಾಗಿ ದಾಟುತ್ತದೆ. ರೇಡಿಯೊ ಒಳಗೆ ಟ್ರೆಬಲ್ ಕತ್ತರಿಸುತ್ತಿದ್ದ ಕೆಪಾಸಿಟರನ್ನು ಬಿಚ್ಚಿ ಚಿಕ್ಕದೊಂದನ್ನು ಹಾಕಿದೆ. ಪೆಟ್ಟಿಗೆಯ ತೇಗಕ್ಕೆ ಗರಗಸ ಮುಟ್ಟಿಸಲು ಸಾಹುಕಾರರು ಒಪ್ಪಲಿಲ್ಲ. ಟ್ವೀಟರನ್ನು ಬೇರೆ ಡಬ್ಬಿಯಲ್ಲಿಟ್ಟು ರೇಡಿಯೊ ನೆತ್ತಿಯ ಮೇಲೆ ಕೂರಿಸಿದೆ, ವೈರು ಬೆನ್ನಿನ ಎರಡು ತೂತಿಗೆ.

ತಾಳ ಬಂತು. ತಾಳದ ಜೊತೆಗೇ ಟೇಪಿನ ಸುಸ್ಸ್ ಅನ್ನುವ ಸದ್ದೂ ಬಂತು. ಸಾಹುಕಾರರಿಗೆ ಅದರ ಗೊಡವೆಯಿರಲಿಲ್ಲ. ವಾರದೊಳಗೆ ಮಂಡಿ ಬೀದಿಯಲ್ಲಿ ಅದಕ್ಕೆ ‘ಕ್ಲಿಯರ್ ಸೌಂಡ್’ ಅಂತ ಹೆಸರೇ ಬಿತ್ತು, ಸುಸ್ಸ್ ಸಮೇತ.

ಬಿಡಿಭಾಗಕ್ಕೆ ಬೆಂಗಳೂರಿಗೆ ಹೋದಾಗೆಲ್ಲ ಎಸ್.ಪಿ. ರೋಡ್ ಕೆಲಸ ಮುಗಿಸಿ ಅವೆನ್ಯೂ ರಸ್ತೆಯ ಹಳೆಪುಸ್ತಕದ ರಾಶಿಗಳನ್ನು ಕೆದಕುವುದು ನನ್ನ ಅಭ್ಯಾಸ. ಅಲ್ಲಿ ಒಂದು ಸಲ ರಟ್ಟು ಕಿತ್ತ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಬರೆದವರು ಗಿಲ್ಬರ್ಟ್ ಬ್ರಿಗ್ಸ್, ವಿಷಯ ಲೌಡ್‌ಸ್ಪೀಕರ್, ಮೊದಲು ಅಚ್ಚಾದದ್ದು 1948. ಬಟ್ಟೆ ವ್ಯಾಪಾರದಲ್ಲಿ ಅರ್ಧ ಆಯಸ್ಸು ಕಳೆದ ಈ ಯಾರ್ಕ್‌ಶೈರಿನ ಮನುಷ್ಯ 1932ರಲ್ಲಿ, ನಲವತ್ತು ದಾಟಿದ ಮೇಲೆ, ಇಲ್ಕ್ಲಿ ಅನ್ನುವ ಊರಿನ ತನ್ನ ಮನೆಯ ನೆಲಮಾಳಿಗೆಯಲ್ಲಿ ಸ್ಪೀಕರ್ ಮಾಡಲು ಕೂತರು. ಊರಿನ ಪಕ್ಕದಲ್ಲಿ ಹರಿಯುವ ವಾರ್ಫ್ ನದಿಯ ಕಣಿವೆಯ ಹೆಸರನ್ನೇ ಕಂಪನಿಗೆ ಇಟ್ಟರು: ವಾರ್ಫ್‌ಡೇಲ್.

ಬ್ರಿಗ್ಸ್ ಗುಟ್ಟು ಇಟ್ಟುಕೊಳ್ಳುವ ಆಸಾಮಿಯಲ್ಲ. ಪೆಟ್ಟಿಗೆಗಿಂತ ಬಿಡಿ ಸ್ಪೀಕರನ್ನೇ ಮಾರುತ್ತ, ಮನೆಯಲ್ಲಿ ಹೇಗೆ ಕೂರಿಸಿಕೊಳ್ಳಬೇಕು ಅನ್ನುವುದನ್ನು ನಗೆಚಾಟಿಕೆಯ ಜೊತೆ ಬರೆದು ಹಂಚಿದರು. ಗೋಡೆಯ ಮೂಲೆಗೆ ಇಟ್ಟಿಗೆ ಕಟ್ಟಿ ಅದರಲ್ಲಿ ಸ್ಪೀಕರ್ ಕೂರಿಸಿದ್ದರು. ಎರಡು ಪ್ಲೈವುಡ್ ಹಾಳೆಗಳ ನಡುವೆ ಒಣ ಮರಳು ತುಂಬಿ ಹಲಗೆ ಅದುರದಂತೆ ಮಾಡಿದ್ದರು. ಆ ಮರಳುಹಲಗೆಗೆ ಹನ್ನೆರಡು ಇಂಚಿನದೊಂದು, ಹತ್ತು ಇಂಚಿನದೊಂದು ಸ್ಪೀಕರ್ ಜಡಿದು, ಮೂರಿಂಚಿನ ಟ್ವೀಟರನ್ನು ಮಾತ್ರ ಚಾವಣಿಗೆ ಮುಖ ಮಾಡಿ ಮಲಗಿಸಿದ್ದರು. ಕೀಚಲು ಸ್ವರ ಕಿವಿಗೆ ಈಟಿಯಂತೆ ಬಂದು ಚುಚ್ಚದೆ ಕೋಣೆಯೆಲ್ಲ ಹರಡಲಿ ಅಂತ. ಅದನ್ನು ಓದಿದ ಮರುವಾರವೇ ಸಾಹುಕಾರರ ಮನೆಗೆ ಹೋಗಿ ನೆತ್ತಿಯ ಮೇಲಿನ ಡಬ್ಬಿಯನ್ನು ಅಂಗಾತ ಮಾಡಿದೆ. ಬ್ರಿಗ್ಸ್ ಹೇಳಿದ್ದು ದಿಟ.

1954ರಲ್ಲಿ ಇದೇ ಬ್ರಿಗ್ಸ್ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲನ್ನು ಬಾಡಿಗೆಗೆ ಹಿಡಿದು, ಟಿಕೆಟ್ ಮಾರಿ, ವೇದಿಕೆಯಲ್ಲಿ ನುಡಿಸುವವರನ್ನೂ ಅವರ ಧ್ವನಿಮುದ್ರಣವನ್ನೂ ಒಂದರ ಹಿಂದೊಂದು ಕೇಳಿಸಿ ಜನರಿಗೆ ಹೋಲಿಸಿ ನೋಡಿ ಅಂದರು. ಮರುವರ್ಷ ನ್ಯೂಯಾರ್ಕಿನ ಕಾರ್ನೆಗಿ ಹಾಲ್. ಜೊತೆಯಲ್ಲಿ ಆಂಪ್ಲಿಫೈಯರ್ ಹೊತ್ತವರು ಕ್ವಾಡ್ ಕಂಪನಿಯ ಪೀಟರ್ ವಾಕರ್. ಒಬ್ಬ ಸ್ಪೀಕರ್ ತಯಾರಕನ ಮಾತು ಕೇಳಲು ಸಾವಿರಾರು ಜನ ದುಡ್ಡು ಕೊಟ್ಟು ಬಂದು ಕೂತದ್ದು ಸುಮ್ಮನೆ ಅಲ್ಲ. 1948ರಲ್ಲಿ ಎಲ್.ಪಿ. ರೆಕಾರ್ಡ್ ಬಂದಿತ್ತು. ಹಳೆಯ ಅರಗಿನ ತಟ್ಟೆಯಲ್ಲಿ ಇಲ್ಲದ ಎತ್ತರ ತಗ್ಗುಗಳೆಲ್ಲ ಅದರಲ್ಲಿದ್ದವು. ಮನೆಯ ಪೆಟ್ಟಿಗೆ ಅಲ್ಲಿನವರಿಗೂ ಸಾಲದಾಗಿತ್ತು. ನಮ್ಮ ಸಾಹುಕಾರರ ‘ತಾಳ ಎಲ್ಲಿ?’ ಅನ್ನುವ ಪ್ರಶ್ನೆಯನ್ನು ಅವರು ಕಾಲು ಶತಮಾನ ಮೊದಲೇ ಕೇಳಿಕೊಂಡಿದ್ದರು.

ಅಮೆರಿಕದ ಕತೆ ಇನ್ನೂ ಸ್ವಾರಸ್ಯ. ಅಲ್ಲಿ 1954ರಲ್ಲಿ ಎಡ್ಗರ್ ವಿಲ್‌ಚರ್ ಅನ್ನುವವರು, ಹೆನ್ರಿ ಕ್ಲಾಸ್ ಜೊತೆ ಸೇರಿ, ಅಕೌಸ್ಟಿಕ್ ರಿಸರ್ಚ್ ಎಂಬ ಕಂಪನಿ ಕಟ್ಟಿದರು. ಅಲ್ಲಿಯವರೆಗೆ ಒಳ್ಳೆಯ ಬೇಸ್ ಬೇಕೆಂದರೆ ಬೀರುವಿನಷ್ಟು ಪೆಟ್ಟಿಗೆ ಬೇಕಿತ್ತು. ವಿಲ್‌ಚರ್ ಪುಸ್ತಕದ ಕಪಾಟಿನಲ್ಲಿ ಹಿಡಿಯುವಂಥ ಪೆಟ್ಟಿಗೆಯನ್ನು ಎಲ್ಲೂ ಗಾಳಿಯಾಡದಂತೆ ಮುಚ್ಚಿ, ಒಳಗೆ ಸಿಕ್ಕಿಕೊಂಡ ಗಾಳಿಯನ್ನೇ ಕೋನಿಗೆ ಸ್ಪ್ರಿಂಗ್ ಮಾಡಿಬಿಟ್ಟರು. ಅದೇ ಎ.ಆರ್.-1. ನನಗೆ ಅದಕ್ಕಿಂತ ಹಿಡಿಸಿದ್ದು ಅದರ ತಮ್ಮ, ಎ.ಆರ್.-1 ಡಬ್ಲ್ಯು. ಅದರಲ್ಲಿ ಇದ್ದದ್ದು ಬರೀ ವೂಫರ್. ಮೇಲಿನ ಸ್ವರಗಳಿಗೆ ನಿಮಗೆ ಬೇಕಾದ್ದನ್ನು ನೀವೇ ಸೇರಿಸಿಕೊಳ್ಳಿ ಅಂತ ಅರ್ಧ ಸ್ಪೀಕರನ್ನೇ ಮಾರಿದರು! ಜನ ಅದಕ್ಕೆ ಆರ್ಥರ್ ಜಾನ್ಸೆನ್ ಮಾಡಿದ ಎಲೆಕ್ಟ್ರೊಸ್ಟ್ಯಾಟಿಕ್ ಟ್ವೀಟರನ್ನು ತಂದು ಜೋಡಿಸಿದರು. ಆ ಟ್ವೀಟರಿನಲ್ಲಿ ಕೋನೂ ಇಲ್ಲ, ಕಾಯಿಲೂ ಇಲ್ಲ. ಹೆಚ್ಚು ವೋಲ್ಟೇಜಿನ ನಡುವೆ ನಡುಗುವ ತೆಳ್ಳನೆಯ ಪೊರೆ. ಒಂದು ಕಂಪನಿಯ ಕೆಳಗಿನರ್ಧ, ಇನ್ನೊಂದು ಕಂಪನಿಯ ಮೇಲಿನರ್ಧ, ಕೂಡಿಸಿದ್ದು ಮನೆಯೊಡೆಯ. ಆ ಕಾಲಕ್ಕೆ ಅದೇ ಅತ್ಯುತ್ತಮ ಜೋಡಿಗಳಲ್ಲಿ ಒಂದು ಅನಿಸಿಕೊಂಡಿತು.

ಇದೇ ಕ್ಲಾಸ್ ಮುಂದೆ 1969ರಲ್ಲಿ ಅಡ್ವೆಂಟ್ ಅನ್ನುವ ಸ್ಪೀಕರ್ ತಂದಾಗ ಅಲ್ಲಿನ ಹುಡುಗರು ಒಂದು ಜೊತೆಯ ಮೇಲೆ ಇನ್ನೊಂದು ಜೊತೆಯನ್ನು ತಲೆಕೆಳಗಾಗಿ ಪೇರಿಸಿದರು, ಟ್ವೀಟರಿಗೆ ಟ್ವೀಟರ್ ತಾಗುವಂತೆ. ಅಂಗಡಿಯವರು ಅದನ್ನು ನೋಡಿ ನಾಲ್ಕನ್ನೂ ಒಟ್ಟಿಗೇ ಮಾರಲು ಶುರು ಮಾಡಿದರು. ಇನ್ನು ದುಡ್ಡಿದ್ದವರ ಮಾತೇ ಬೇರೆ. ಪೀಟರ್ ವಾಕರ್ 1957ರಿಂದ ಮಾಡುತ್ತಿದ್ದ ಕ್ವಾಡ್ ಎಲೆಕ್ಟ್ರೊಸ್ಟ್ಯಾಟಿಕ್ ಸ್ಪೀಕರನ್ನು ಮನುಷ್ಯನ ಧ್ವನಿಯ ಮಟ್ಟಿಗೆ ಮೀರಿಸಿದ್ದಿಲ್ಲ ಅನ್ನುವವರು ಇಂದಿಗೂ ಇದ್ದಾರೆ. ಅಂಥದ್ದನ್ನೂ 70ರ ದಶಕದಲ್ಲಿ ಮಾರ್ಕ್ ಲೆವಿನ್ಸನ್ ಅನ್ನುವವರು ಎರಡೆರಡು ಪೇರಿಸಿ, ನಡುವೆ ಡೆಕ್ಕಾ ರಿಬ್ಬನ್ ಟ್ವೀಟರ್ ತೂರಿಸಿ, ಪಕ್ಕದಲ್ಲಿ ಇಪ್ಪತ್ತನಾಲ್ಕು ಇಂಚಿನ ಹಾರ್ಟ್ಲಿ ವೂಫರ್ ನಿಲ್ಲಿಸಿ ಮಾರಿದರು. ಹಲವರು ಮನೆಯಲ್ಲಿ ಮಾಡಿಕೊಳ್ಳುತ್ತಿದ್ದದ್ದಕ್ಕೆ ಕೋಟು ತೊಡಿಸಿದಂತಾಯಿತು.

ನಮ್ಮ ಎಸ್.ಪಿ. ರೋಡಿನಲ್ಲಿ ಕೋಟಿನ ಮಾತಿಲ್ಲ. 80ರ ದಶಕದಲ್ಲಿ ಆ ರಸ್ತೆಯಲ್ಲಿ ಟಿ.ಬಿ.ಎ. 810 ಎಂಬ ಐ.ಸಿ. ಕೂರಿಸಿದ ಬೋರ್ಡು ಕಡಲೆಪುರಿಯ ಹಾಗೆ ಖರ್ಚಾಗುತ್ತಿತ್ತು. ಒಂದು ಟ್ರಾನ್ಸ್‌ಫಾರ್ಮರು, ಎರಡು ಬೋರ್ಡು ತಂದರೆ ಸ್ಟೀರಿಯೊ ಆಂಪ್ಲಿಫೈಯರ್ ತಯಾರ್. ಕಾಲೇಜು ಹುಡುಗರು ವಾಲ್ವ್ ರೇಡಿಯೊ ಬಿಚ್ಚಿ, ಪೆಟ್ಟಿಗೆ ಮತ್ತು ಸ್ಪೀಕರ್ ಉಳಿಸಿಕೊಂಡು ಒಳಗೆ ಬೋರ್ಡು ತೂರಿಸಿದರು. ಸ್ಟೀರಿಯೊ ಅಂದಮೇಲೆ ಎರಡನೇ ಪೆಟ್ಟಿಗೆ ಬೇಕು. ಹೊಸ ಪ್ಲೈವುಡ್ಡಿಗೆ ಕಾಸಿಲ್ಲದವರು ಸಂತೆಯಿಂದ ಮಡಕೆ ತಂದರು. ಹೊಟ್ಟೆ ಗುಂಡಗಿನ ಮಡಕೆ, ಬಾಯಿಗೆ ಸರಿಯಾಗಿ ಕೂರುವ ಆರಿಂಚಿನ ಸ್ಪೀಕರ್, ಸಂದಿಗೆ ಸೈಕಲ್ ಟ್ಯೂಬಿನ ಪಟ್ಟಿ. ಸ್ಪೀಕರ್ ಚಾವಣಿ ನೋಡುತ್ತದೆ, ಬ್ರಿಗ್ಸ್ ಹೆಸರು ಕೇಳದವರ ಮನೆಯಲ್ಲೂ. ಒಳಗೆ ಗುಂಯ್ ಅನ್ನದಿರಲು ಬೇರೆ ದೇಶದವರು ಗ್ಲಾಸ್‌ವೂಲ್ ತುಂಬುತ್ತಿದ್ದರೆ ನಾನು ತೆಂಗಿನ ನಾರು ತುಂಬಿದೆ. ತಿಪಟೂರಿನಲ್ಲಿ ಅದಕ್ಕೆ ಬರವೇ?

ಆದರೆ ವಾಲ್ವ್ ಸೆಟ್ಟಿನ ಸಹನೆ ಈ ಐ.ಸಿ.ಗಳಿಗೆ ಇರಲಿಲ್ಲ. ನಾಲ್ಕು ಓಮಿಗೆ ಮಾಡಿದ ಬೋರ್ಡಿಗೆ ನಾಲ್ಕು ಓಮಿನ ಇನ್ನೊಂದು ಸ್ಪೀಕರನ್ನು ಪ್ಯಾರಲಲ್ಲಾಗಿ ಸೇರಿಸಿದರೆ ಉಳಿಯುವುದು ಎರಡೇ ಓಮ್. ಕರೆಂಟು ಎರಡರಷ್ಟು, ಹೀಟ್‌ಸಿಂಕ್ ಮೇಲೆ ಬೆರಳಿಡಲಾಗದು, ಅರ್ಧ ಕ್ಯಾಸೆಟ್ ಮುಗಿಯುವಷ್ಟರಲ್ಲಿ ವಾಸನೆ. ಅಂಗಡಿಗೆ ಬಂದ ಸುಟ್ಟ ಬೋರ್ಡುಗಳಲ್ಲಿ ಮುಕ್ಕಾಲು ಪಾಲು ಈ ಲೆಕ್ಕ ತಪ್ಪಿದವೇ.

ಇನ್ನೊಂದು ತೊಡಕು ಫೇಸಿನದು. ಎರಡು ಸ್ಪೀಕರಿನ ವೈರು ಅದಲುಬದಲಾದರೆ ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದಕ್ಕೆ ಸರಿಯುತ್ತದೆ. ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ನುಂಗಿ ಬೇಸ್ ಮಾಯ. ‘ಸ್ಪೀಕರ್ ಜಾಸ್ತಿ ಹಾಕಿದ ಮೇಲೆ ಸೌಂಡೇ ಕಮ್ಮಿಯಾಗಿದೆ’ ಅಂತ ಯಾರಾದರೂ ಬಂದರೆ ನಾನು ಮೇಜಿನಿಂದ ತೆಗೆಯುತ್ತಿದ್ದದ್ದು ಮೀಟರನ್ನಲ್ಲ, ಟಾರ್ಚಿನ ಒಂದು ಸೆಲ್ಲನ್ನು. ಸ್ಪೀಕರಿನ ಎರಡು ಕಡ್ಡಿಗೆ ಸೆಲ್ ಮುಟ್ಟಿಸಿದರೆ ಕೋನ್ ಟಕ್ಕೆಂದು ಮುಂದೆ ಬರಬೇಕು. ಬಂದರೆ ಸೆಲ್ಲಿನ ತಲೆ ಮುಟ್ಟಿದ ಕಡೆ ಪ್ಲಸ್, ಅಲ್ಲಿಗೊಂದು ಕೆಂಪು ಚುಕ್ಕೆ. ಎಲ್ಲ ಚುಕ್ಕೆಗಳೂ ಒಂದೇ ವೈರಿಗೆ.

ಆಮೇಲೆ ಬಂದದ್ದು ಪೀಜೊ ಟ್ವೀಟರುಗಳ ಹಾವಳಿ. ಮೋಟೊರೋಲ ಕಂಪನಿ 70ರ ದಶಕದಲ್ಲಿ ಜನಪ್ರಿಯಗೊಳಿಸಿದ ವಸ್ತು ಇದು. ಮ್ಯಾಗ್ನೆಟ್ಟಿಲ್ಲ, ಕಾಯಿಲಿಲ್ಲ; ವೋಲ್ಟೇಜ್ ಕೊಟ್ಟರೆ ಬಾಗುವ ಪಿಂಗಾಣಿಯಂಥ ಬಿಲ್ಲೆ. ಅದರ ಗುಣವೇ ಕೆಪಾಸಿಟರಿನದಾದ್ದರಿಂದ ತಗ್ಗಿನ ಸ್ವರಗಳಿಗೆ ತಾನಾಗಿಯೇ ಬಾಗಿಲು ಹಾಕಿಕೊಳ್ಳುತ್ತದೆ. ಬೆಸುಗೆಯ ಲೆಕ್ಕಾಚಾರ ಬೇಡ, ಎರಡು ವೈರು ತಿರುಚಿದರೆ ಆಯಿತು. ಅಗ್ಗ ಬೇರೆ. ಒಂದು ಪೆಟ್ಟಿಗೆಗೆ ಒಂದು ಸಾಕಾಗಿದ್ದ ಕಡೆ ನಾಲ್ಕು ಬಂದವು. ಆಟೋಗಳ ಹಿಂಬದಿಯಲ್ಲಿ, ಗಣೇಶನ ಪೆಂಡಾಲಿನಲ್ಲಿ, ಹಾಸ್ಟೆಲ್ ಕೋಣೆಗಳಲ್ಲಿ ಸಾಲುಸಾಲು ಟ್ವೀಟರ್. ಅವುಗಳ ಕೆಳಗೆ ಅದೇ ಮುದಿ ರೇಡಿಯೊ ಸ್ಪೀಕರ್, ಪಂಕ್ಚರ್ ಸಲ್ಯೂಷನ್ ಮತ್ತು ಟಿಶ್ಯೂ ಪೇಪರಿನಿಂದ ತೇಪೆ ಹಾಕಿದ್ದು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ. ಪೀಜೊದ ಧ್ವನಿ ನನಗೆ ಎಂದೂ ಹಿಡಿಸಲಿಲ್ಲ. ಗಾಯಕಿ ‘ಸ’ ಅಂದಾಗಲೆಲ್ಲ ಯಾರೋ ಕಾಗದ ಹರಿದಂತೆ ಕೇಳುತ್ತದೆ. ಆದರೂ ಮಾರಿದ್ದೇನೆ, ಡಜನ್‌ಗಟ್ಟಲೆ.

ಹಾಡು ಮತ್ತೆ ಬದಲಾಯಿತು. ಈ ಸಲ ಕೆಳಗಿನ ದಿಕ್ಕಿಗೆ. ಮೊದಲು ಸಿ.ಡಿ., ಆಮೇಲೆ ಎಫ್.ಎಂ. ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ರೇಡಿಯೊ ಸಿಟಿ ಶುರುವಾದದ್ದು ಬೆಂಗಳೂರಿನಲ್ಲೇ, 2001ರ ಜುಲೈನಲ್ಲಿ. ಸಿನಿಮಾ ಹಾಡುಗಳಲ್ಲಿ ಕೀಬೋರ್ಡ್ ನುಡಿಸುವ ಬೇಸ್ ಐವತ್ತು ಹರ್ಟ್ಸ್‌ಗಿಂತ ಕೆಳಗೆ ಇಳಿಯತೊಡಗಿತ್ತು. ಹಳೆಯ ಪೆಟ್ಟಿಗೆ ಅದನ್ನು ಗುಟುರು ಹಾಕಿ ಸುಮ್ಮನಾಗಿಬಿಡುತ್ತಿತ್ತು. ಟ್ವೀಟರ್ ಕೇಳಿಕೊಂಡು ಬರುತ್ತಿದ್ದವರ ಮಕ್ಕಳು ಸಬ್‌ವೂಫರ್ ಕೇಳಿಕೊಂಡು ಬಂದರು.

ಇಲ್ಲಿ ನಾನು ಹಠಮಾರಿ. ಟ್ವೀಟರ್ ಸೇರಿಸಿದರೆ ಹಳೆಯ ಸ್ಪೀಕರಿಗೆ ನಷ್ಟವಿಲ್ಲ. ಬೇಡವೆಂದರೆ ಎರಡು ವೈರು ಬಿಚ್ಚಿದರಾಯಿತು. ವೂಫರಿಗಾಗಿ ಹಳೆಯ ಪೆಟ್ಟಿಗೆಯಲ್ಲಿ ಹೊಸ ಕಂಡಿ ಕೊರೆಯುವುದು ಬೇರೆಯೇ ಮಾತು. ವಿಲ್‌ಚರ್ ಮಾದರಿಯ ಮುಚ್ಚಿದ ಪೆಟ್ಟಿಗೆಯಲ್ಲಿ ಒಳಗಿನ ಗಾಳಿಯೇ ಸ್ಪ್ರಿಂಗು. ಅದೇ ಗಾಳಿಗೆ ಎರಡನೇ ಕೋನನ್ನು ಕಟ್ಟಿದರೆ ಹೊಸದು ಹೊಡೆದಾಗಲೆಲ್ಲ ಹಳೆಯದು ಒದ್ದಾಡುತ್ತದೆ, ಕಂಪನಿ ಲೆಕ್ಕ ಹಾಕಿದ್ದ ಬೇಸ್ ಎರಡಕ್ಕೂ ಇಲ್ಲ. ವಾಲ್ವ್ ರೇಡಿಯೊಗಳದ್ದು ಬೆನ್ನು ತೆರೆದ ಪೆಟ್ಟಿಗೆ, ಅದರಲ್ಲಿ ಎಂಥ ವೂಫರ್ ಕೂರಿಸಿದರೂ ಮುಂದಿನ ಗಾಳಿ ಹಿಂದಿನ ಗಾಳಿಯನ್ನು ತಿಂದುಹಾಕುತ್ತದೆ. ಈ ಹಳೆಯ ತೇಗ ಈಗ ಸಿಗುವುದೂ ಇಲ್ಲ. ‘ಮುಟ್ಟಲೇಬೇಡಿ’ ಅನ್ನುವವರ ಜೊತೆ ನಾನು ಒಂದಾಗುವುದು ಇದೊಂದೇ ಜಾಗದಲ್ಲಿ.

ಮೊನ್ನೆ ಅರಸೀಕೆರೆ ಕಡೆಯ ಹುಡುಗನೊಬ್ಬ ಅಜ್ಜನ ರೇಡಿಯೊ ತಂದಿದ್ದ. ‘ಅಂಕಲ್, ಒಳಗೆ ಬ್ಲೂಟೂತ್ ಬೋರ್ಡ್ ಹಾಕ್ಕೊಡಿ, ಕೆಳಗಡೆ ಎಂಟಿಂಚಿನ ವೂಫರಿಗೆ ಜಾಗ ಮಾಡ್ಕೊಡಿ’ ಅಂದ. ಪೆಟ್ಟಿಗೆ ತಿರುಗಿಸಿ ನೋಡಿದೆ. ಬೆನ್ನಿನ ಎರಡು ತೂತಿಗೆ ಯಾರೋ ಅಂಗಡಿಯವನು ಹಾಕಿದ ಹತ್ತಿಯ ಹೊದಿಕೆಯ ವೈರು ಇನ್ನೂ ಗೇಣುದ್ದ ನೇತಾಡುತ್ತಿತ್ತು. ಔಟ್‌ಪುಟ್ ವಾಲ್ವಿನಲ್ಲಿ ಜೀವ ಇದೆ, ಸ್ಪೀಕರ್ ಕೋನ್ ಒಂದು ಕಡೆ ಹರಿದಿದೆ, ಫಿಲ್ಟರ್ ಕೆಪಾಸಿಟರ್ ಬದಲಾಯಿಸಲೇಬೇಕು. ಬ್ಲೂಟೂತ್ ಬೋರ್ಡನ್ನು ಪಿಕಪ್ ತೂತಿಗೆ ಹೊರಗಿನಿಂದ ಕೊಡುತ್ತೇನೆ, ಟ್ವೀಟರ್ ಡಬ್ಬಿ ಮೇಲೆ ಅಂಗಾತ ಕೂರುತ್ತದೆ ಅಂದೆ. ವೂಫರ್ ಬೇಕೇ ಬೇಕಿದ್ದರೆ ಮುಕ್ಕಾಲು ಇಂಚಿನ ಪ್ಲೈವುಡ್ಡಿನಲ್ಲಿ ಬೇರೆ ಪೆಟ್ಟಿಗೆ, ಅದಕ್ಕೆ ಬೇರೆ ಆಂಪ್ಲಿಫೈಯರ್. ಬಡಗಿಯ ಕೂಲಿ ಸೇರಿಸಿ ಎಷ್ಟಾಗುತ್ತದೆ ಅಂತ ಚೀಟಿ ಬರೆದುಕೊಟ್ಟಿದ್ದೇನೆ. ಮನೆಯಲ್ಲಿ ಕೇಳಿ ಹೇಳ್ತೀನಿ ಅಂತ ಹೋಗಿದ್ದಾನೆ.